ಬೆಂಚಿನ ಮೇಲಿನ ಬೇರು

ಕಂಠೀರವ ಕ್ರೀಡಾಂಗಣದಲ್ಲಿ ನಾನು ಕೂರುವ ಸಾಲಿಗೆ ಹಿರಿಯರೊಬ್ಬರು ತಪ್ಪದೆ ಬರುತ್ತಾರೆ. ಒಂದು ಕಾಲಕ್ಕೆ ಕಾರ್ಖಾನೆಯ ಫುಟ್‌ಬಾಲ್ ಟೀಮಿನಲ್ಲಿ ಹಾಫ್ ಬ್ಯಾಕ್ ಆಡಿದವರು. ಈಗ ಮಂಡಿಗೆ ಪಟ್ಟಿ, ಕೈಯಲ್ಲಿ ಕಡಲೆಕಾಯಿ ಪೊಟ್ಟಣ. ಆ ಸಂಜೆ ಆಟ ಶುರುವಾಗಿ ಇಪ್ಪತ್ತು ನಿಮಿಷಕ್ಕೇ ಪೊಟ್ಟಣ ಮಡಿಚಿ ಜೇಬಿಗಿಟ್ಟರು. ಕೋಪ ಬಂತೆಂದು ನನಗೆ ಗೊತ್ತಾಯಿತು.

"ನೋಡ್ರೀ, ಆ ಹುಡುಗ ಗೋಲ್ ಹೊಡೆಯೋನು. ತಗೊಂಡೋಗಿ ಬಲಗಡೆ ಗೆರೆ ಹತ್ರ ನಿಲ್ಸಿದಾನೆ. ಹಿಂದಕ್ಕೆ ಓಡು, ಮುಂದಕ್ಕೆ ಓಡು. ಕೋಚಾ ಇವನು, ಟ್ರಾಫಿಕ್ ಪೊಲೀಸಾ?"

ಹುಡುಗ ನಿಜಕ್ಕೂ ಗೆರೆಗೆ ಅಂಟಿಕೊಂಡೇ ಇದ್ದ. ಒಂದು ಸಲ ಕೈಯೆತ್ತಿ ಚೆಂಡು ಕೇಳಿದ, ಯಾರೂ ನೋಡಲಿಲ್ಲ. ಕೈ ಇಳಿಸಿ ಸಾಕ್ಸ್ ಎಳೆದುಕೊಂಡ. ನಮ್ಮ ಲೀಗಿನಲ್ಲಿ ಇದು ಹೊಸತಲ್ಲ. ನಡುವಿನ ಸ್ಟ್ರೈಕರ್ ಜಾಗ ಬಹುಪಾಲು ವಿದೇಶಿಯರಿಗೆ, ನಮ್ಮ ಹುಡುಗರಿಗೆ ಅಂಚು. ಕೋಚ್ ಯಾರೆಂಬುದು ಇಲ್ಲಿ ಬೇಡ. ವಿರಾಮದ ಹೊತ್ತಿಗೆ ಹಿರಿಯರು ಸುಭಾಷಿತಕ್ಕೇ ಕೈಹಾಕಿದರು: "ಯೋಜಕನೇ ಇಲ್ಲ ಕಣ್ರೀ. ದೊಡ್ಡೋರು ಸುಮ್ನೆ ಹೇಳಿಲ್ಲ."

ಅವರು ನೆನೆದದ್ದು ಶಾಲೆಯ ಕಪ್ಪುಹಲಗೆಯಿಂದ ಬೀಳ್ಕೊಡುಗೆ ಸಮಾರಂಭದವರೆಗೆ ಎಲ್ಲ ಕಡೆ ಸವೆದಿರುವ ಹಳೆಯ ಸಂಸ್ಕೃತ ಮಾತು. ಮಂತ್ರವಾಗದ ಅಕ್ಷರವಿಲ್ಲ, ಮದ್ದಾಗದ ಬೇರಿಲ್ಲ, ಕೆಲಸಕ್ಕೆ ಬಾರದ ಮನುಷ್ಯನಿಲ್ಲ, ಇವನ್ನು ಹೊಂದಿಸುವ ಯೋಜಕ ಮಾತ್ರ ದುರ್ಲಭ ಎಂಬುದು ಅದರ ತಾತ್ಪರ್ಯ. ಕೋಚನ್ನು ಬೈಯಲು ಇದಕ್ಕಿಂತ ಹದವಾದ ಮಾತು ಸಿಗುವುದು ಕಷ್ಟ. ಆದರೆ ಬೈಯುವ ಆತುರದಲ್ಲಿ ಕೊನೆಯ ಪಾದಕ್ಕೇ ಜಿಗಿದುಬಿಡುತ್ತೇವೆ. ಯೋಜಕನ ಕಸುಬು ಏನೆಂಬುದು ಇರುವುದು ಮೊದಲಿನ ಪಾದಗಳಲ್ಲಿ.

ಅಕ್ಷರ ಮಂತ್ರವಾಗುವುದು ಜಾಗದಿಂದ. 'ಮದ' ಎಂದರೂ ಅವೇ ಎರಡು ಅಕ್ಷರ, 'ದಮ' ಎಂದರೂ ಅವೇ. ಒಂದು ಸೊಕ್ಕು, ಇನ್ನೊಂದು ಅದನ್ನು ಅಡಗಿಸುವ ಶಕ್ತಿ. ಬೇರು ಮದ್ದಾಗುವುದು ಅಳತೆಯಿಂದ. ಬಜೆ ಬೇರನ್ನು ಸಾಣೆಕಲ್ಲಿನ ಮೇಲೆ ತೇಯುವ ಅಜ್ಜಿ ಒಂದೆರಡು ಸುತ್ತಿಗೆ ಕೈ ನಿಲ್ಲಿಸುತ್ತಾಳೆ. ಹೆಚ್ಚಾದರೆ ಮಗು ಕಕ್ಕುತ್ತದೆ. ಇನ್ನು 'ಯೋಜಕ' ಎಂಬ ಪದದ ಧಾತು 'ಯುಜ್'. ಕೂಡಿಸು, ನೊಗಕ್ಕೆ ಹೂಡು ಎಂದರ್ಥ. ಎಡಕ್ಕೆ ಪಳಗಿದ ಎತ್ತನ್ನು ಬಲಕ್ಕೆ ಹೂಡಿದರೆ ಸಾಲು ಸೊಟ್ಟಗಾಗುತ್ತದೆಂದು ರೈತನಿಗೆ ಯಾರೂ ಪಾಠ ಹೇಳಬೇಕಿಲ್ಲ.

ಮೈದಾನದಲ್ಲೂ ಇದೇ ಕತೆ. ಇಟಲಿಯ ಆಂದ್ರೆಯಾ ಪಿರ್ಲೋ ಇಂಟರ್ ಮಿಲಾನ್ ತಂಡದಲ್ಲಿದ್ದಾಗ ಸ್ಟ್ರೈಕರುಗಳ ಬೆನ್ನಿಗೇ ಆಡುವ ಆಟಗಾರ. ಓಟ ಸಾಲದು, ಮೈಬಲವೂ ಅಷ್ಟಕ್ಕಷ್ಟೆ, ಬೆಂಚೇ ಗತಿ. 2001ರ ಆರಂಭದಲ್ಲಿ ಎರವಲಿನ ಮೇಲೆ ತವರಿನ ಬ್ರೆಶಾ ತಂಡಕ್ಕೆ ಹೋದ. ಅಲ್ಲಿ ಅವನ ಜಾಗದಲ್ಲಿ ಆಗಲೇ ರೊಬೆರ್ತೊ ಬಾಜೊ ಇದ್ದ. ಕೋಚ್ ಕಾರ್ಲೊ ಮಾತ್ಸೋನೆ ಪಿರ್ಲೋನನ್ನು ಹಿಂದಕ್ಕೆ ತಂದು ಡಿಫೆಂಡರುಗಳ ಮುಂದೆ ನಿಲ್ಲಿಸಿದರು. ಇಡೀ ಮೈದಾನ ಅವನ ಕಣ್ಣೆದುರಿಗೆ ಬಂತು. ಓಡುವ ಕೆಲಸ ಈಗ ಅವನದಲ್ಲ, ಚೆಂಡಿನದು.

2001ರ ಏಪ್ರಿಲ್ 1, ಟ್ಯೂರಿನ್. ಯುವೆಂಟಸ್ 1, ಬ್ರೆಶಾ 0. ಆಟ ಮುಗಿಯಲು ಕೆಲವೇ ನಿಮಿಷ. ಪಿರ್ಲೋ ತಲೆಯೆತ್ತಿ ಒಮ್ಮೆ ನೋಡಿ ಉದ್ದಕ್ಕೆ ಚೆಂಡೆತ್ತಿದ. ಓಡುತ್ತಲೇ ಇದ್ದ ಬಾಜೊ ಹೆಗಲ ಮೇಲಿಂದ ಬಂದ ಚೆಂಡಿಗೆ ಕಾಲು ತಾಗಿಸಿದ. ಆ ಒಂದೇ ಸೋಕಿಗೆ ಚೆಂಡೂ ನಿಂತಿತು, ಗೋಲಿ ಫಾನ್ ಡೆರ್ ಸಾರ್ ಕೂಡ ಹಿಂದುಳಿದ. ಮುಂದೆ ಬರಿದಾದ ಗೋಲು. ಪಂದ್ಯ 1-1. ಯುವೆಂಟಸ್ ಆ ವರ್ಷ ಪ್ರಶಸ್ತಿಯನ್ನು ರೋಮಾಗೆ ಬಿಟ್ಟುಕೊಟ್ಟದ್ದು ಎರಡೇ ಅಂಕದಿಂದ.

ಆ ದಿನ ಯುವೆಂಟಸ್ ಬೆಂಚಿನಲ್ಲಿದ್ದ ಕೋಚ್ ಕಾರ್ಲೊ ಆಂಚೆಲೊಟ್ಟಿ. ಇದೇ ಬಾಜೊನನ್ನು 1997ರಲ್ಲಿ, ಪಾರ್ಮಾ ಕೋಚ್ ಆಗಿದ್ದಾಗ, ನನ್ನ 4-4-2 ವ್ಯೂಹದಲ್ಲಿ ನಿನಗೆ ಜಾಗವಿಲ್ಲ ಎಂದು ಬೇಡವೆಂದವರು ಅವರೇ. ಬಾಜೊ ಬೊಲೊನ್ಯಾಗೆ ಹೋಗಿ ಆ ಋತುವಿನ ಲೀಗಿನಲ್ಲಿ 22 ಗೋಲು ಹೊಡೆದ. 1999ರಲ್ಲಿ ಯುವೆಂಟಸ್‌ನಲ್ಲಿ ಥಿಯರಿ ಆನ್ರಿಯನ್ನು ಅಂಚಿನಲ್ಲಿ ಓಡಿಸಿದವರೂ ಅವರೇ, ನಮ್ಮ ಹುಡುಗನ ಹಾಗೆ. ಅದೇ ಆನ್ರಿಯನ್ನು ಆರ್ಸೆನಲ್‌ನಲ್ಲಿ ಆರ್ಸೆನ್ ವೆಂಗರ್ ನಡುವಿಗೆ ತಂದರು. ಅಲ್ಲಿ ಅವನ ಲೆಕ್ಕ 228 ಗೋಲು. ಆಗ ಅಭಿಮಾನಿಗಳು ಆಂಚೆಲೊಟ್ಟಿಯವರನ್ನು ಬೈದಿದ್ದರೆ ತಪ್ಪೆನ್ನಲಾರೆ.

2001ರ ಕೊನೆಗೆ ಆಂಚೆಲೊಟ್ಟಿ ಎ.ಸಿ. ಮಿಲಾನ್‌ಗೆ ಬಂದರು. ಪಿರ್ಲೋ ಅಷ್ಟರಲ್ಲಿ ಆ ತಂಡ ಸೇರಿದ್ದ. ಮಾತ್ಸೋನೆ ತೋರಿಸಿದ ಜಾಗದಲ್ಲೇ ಅವನನ್ನು ಖಾಯಂ ಮಾಡಿ, ಅವನ ಸುತ್ತಲೇ ತಂಡ ಕಟ್ಟಿದರು. 2003, 2007ರಲ್ಲಿ ಚಾಂಪಿಯನ್ಸ್ ಲೀಗ್ ಮಿಲಾನಿನದಾಯಿತು. ನಡುವೆ 2006ರ ವಿಶ್ವಕಪ್ ಪಿರ್ಲೋನ ಇಟಲಿಯದು.

ಇಲ್ಲಿಗೆ ಬಂದಾಗ ಆ ಸುಭಾಷಿತದ ಒಂದು ಚಿಕ್ಕ ಪದ ನನ್ನನ್ನು ಹಿಡಿದು ನಿಲ್ಲಿಸುತ್ತದೆ: 'ತತ್ರ', ಅಂದರೆ 'ಅಲ್ಲಿ'. ಪಾದ ತುಂಬಿಸಲು ಹಾಕಿದ ಪದ ಎಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಆ ಬೇರಿಗೆ, ಆ ಅಕ್ಷರಕ್ಕೆ, ಅಲ್ಲಿ ಒಬ್ಬ ಯೋಜಕ ಬೇಕು. ಪಿರ್ಲೋಗೆ ಯೋಜಕರಾದ ಆಂಚೆಲೊಟ್ಟಿ ಬಾಜೊಗೆ ಆಗಲಿಲ್ಲ. ಇನ್ನೂ ಒಂದು ಮಾತಿದೆ. ಅಕ್ಷರಕ್ಕೆ, ಬೇರಿಗೆ, ಮನುಷ್ಯನಿಗೆ ಮೂರು ಸಲ 'ನಾಸ್ತಿ' ಎಂದ ಕವಿ, ಯೋಜಕನ ಬಳಿ ಬಂದಾಗ ಮಾತ್ರ 'ನಾಸ್ತಿ' ಎನ್ನಲಿಲ್ಲ, 'ದುರ್ಲಭ' ಎಂದ. ಇಲ್ಲವೇ ಇಲ್ಲ ಅಂತಲ್ಲ, ಸಿಗುವುದು ಕಷ್ಟ. ನಮ್ಮ ಹಿರಿಯರು ಸಿಟ್ಟಿನಲ್ಲಿ ಪಾಠಾಂತರ ಮಾಡಿದ್ದು ಅಲ್ಲೇ.

ಆ ಪಂದ್ಯ ಸೋತೆವು. ಹುಡುಗನನ್ನು ಎಪ್ಪತ್ತನೇ ನಿಮಿಷಕ್ಕೆ ಹೊರಗೆ ಕರೆದುಕೊಂಡರು. ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣದವರೆಗೆ ನಡೆಯುತ್ತ ಈ ವ್ಯಾಖ್ಯಾನವನ್ನೆಲ್ಲ ಹಿರಿಯರಿಗೆ ಒಪ್ಪಿಸಿದೆ. ಅವರು ಪೊಟ್ಟಣ ಮತ್ತೆ ಬಿಚ್ಚಿ ನನಗೂ ನಾಲ್ಕು ಕಡಲೆಕಾಯಿ ಕೊಟ್ಟು, ಪೂರ್ತಿ ಕೇಳಿಸಿಕೊಂಡರು.

"ಬಾಜೊನ ಬಿಟ್ಟು, ಆನ್ರಿನ ಬಿಟ್ಟು, ಆಮೇಲೆ ಕಲ್ತ್ಕೊಂಡ್ರು ಅಂತೀರಿ. ಸರಿ, ಒಪ್ಪಿದೆ," ಎಂದರು. "ನಮ್ಮೋನು ಈಗ ಎಷ್ಟನೇ ಕ್ಲಾಸಲ್ಲಿದಾನೆ ಅಂತ ಹೇಳಿ."