ಮಾದರಿ ವಿಮಾನ ಮತ್ತು ಕೆಳಗಿದ್ದ ಊರು

ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಹಳೆಯ ಯುದ್ಧವಿಮಾನಗಳ ಮಾದರಿ ಕಟ್ಟುವುದು ಅಮೇರಿಕ, ಬ್ರಿಟನ್, ಜಪಾನುಗಳಲ್ಲಿ ಬಹುಕಾಲದ ಹವ್ಯಾಸ. ಪೆಟ್ಟಿಗೆಯೊಳಗೆ ಬಿಡಿಭಾಗಗಳು, ಜೋಡಿಸುವ ಕ್ರಮ ತೋರಿಸುವ ಹಾಳೆ, ನೀರಲ್ಲಿ ನೆನೆಸಿ ಅಂಟಿಸುವ ಅಕ್ಷರಗಳು ಇರುತ್ತವೆ. ತಾಳ್ಮೆ ಕಲಿಸುವ ಈ ಕೆಲಸದಲ್ಲಿ ತಪ್ಪು ಹುಡುಕುವುದು ನನ್ನ ಉದ್ದೇಶವಲ್ಲ. ಹಝ್ರತ್ ಆಯಿಶಾ(ರ)ರ ಆಟಿಕೆಗಳ ನಡುವೆ ಬಟ್ಟೆಯ ರೆಕ್ಕೆಯಿದ್ದ ಕುದುರೆಯನ್ನು ಕಂಡು ಪ್ರವಾದಿ(ಸ) ನಕ್ಕದ್ದು ಹದೀಸ್‌ನಲ್ಲಿದೆ. ವಿಮಾನವಂತೂ ನಿರ್ಜೀವ ವಸ್ತು.

ಆದರೆ ಒಂದು ಪೆಟ್ಟಿಗೆಯ ಬಗ್ಗೆ ಯೋಚಿಸಬೇಕಾಗಿದೆ. ಅದು 'ಎನೋಲಾ ಗೇ' ಎಂಬ ಬಿ-29 ವಿಮಾನದ್ದು. 1945ರ ಆಗಸ್ಟ್ 6ರ ಬೆಳಿಗ್ಗೆ ಹಿರೋಶಿಮಾದ ಮೇಲೆ ಅಣುಬಾಂಬು ಹಾಕಿದ್ದು ಇದೇ ವಿಮಾನ. ಅದನ್ನು ನಡೆಸಿದ ಪಾಲ್ ಟಿಬೆಟ್ಸ್ ತನ್ನ ತಾಯಿಯ ಹೆಸರನ್ನೇ ವಿಮಾನದ ಮೂತಿಯ ಬಳಿ ಬರೆಸಿದ್ದರು. ಮಾದರಿ ಕಟ್ಟುವ ಹುಡುಗನೂ ಕೊನೆಗೆ ಆ ಹೆಸರನ್ನು ಚಿಮಟದಲ್ಲಿ ಹಿಡಿದು, ಓರೆಯಾಗದಂತೆ ಅಂಟಿಸುತ್ತಾನೆ. ತಾಯಿಯನ್ನು ಗೌರವಿಸಲು ಆ ಮಗನಿಗೆ ಸಿಕ್ಕಿದ ಜಾಗವಾದರೂ ಎಂಥದು!

ಇಂತಹ ಮಾದರಿಯ ಹೆಗ್ಗಳಿಕೆ ಇರುವುದು ಅಳತೆಯಲ್ಲಿ. ನಿಜವಸ್ತುವಿನ 72ರಲ್ಲಿ ಒಂದು ಪಾಲು ಎಂದರೆ ಎಲ್ಲವೂ ಅಷ್ಟೇ ಇರಬೇಕು. ರೆಕ್ಕೆಯ ತುದಿಯಿಂದ ತುದಿಗೆ 43 ಮೀಟರಿದ್ದ ವಿಮಾನ ಸುಮಾರು 60 ಸೆಂಟಿಮೀಟರ್ ಆಗುತ್ತದೆ. 3 ಮೀಟರಿನ ಬಾಂಬು ಕಿರುಬೆರಳಿಗಿಂತ ಚಿಕ್ಕದು. ಇದೇ ಲೆಕ್ಕವನ್ನು ಪೆಟ್ಟಿಗೆಯ ಹೊರಗೂ ಮುಂದುವರಿಸೋಣ. ವಿಮಾನ ಹಾರುತ್ತಿದ್ದುದು 9 ಕಿಲೋಮೀಟರಿಗಿಂತ ಮೇಲೆ. ಆದ್ದರಿಂದ ಮಾದರಿಯನ್ನು 130 ಮೀಟರ್ ಎತ್ತರದಲ್ಲಿ, ಅಂದರೆ ನಲವತ್ತು ಅಂತಸ್ತಿನ ಕಟ್ಟಡದ ನೆತ್ತಿಯಲ್ಲಿಡಬೇಕು. ಕೆಳಗೆ ಎರಡು ಸೆಂಟಿಮೀಟರಿನ ಮನುಷ್ಯರನ್ನು ನಿಲ್ಲಿಸಬೇಕು. ಆ ವರ್ಷದ ಕೊನೆಯೊಳಗೆ ಸತ್ತವರೇ ಸುಮಾರು 1,40,000 ಮಂದಿ. ಅಷ್ಟು ಎತ್ತರದಿಂದ ಅವರು ಕಣ್ಣಿಗೆ ಕಾಣುವುದಿಲ್ಲ. ವಿಮಾನದಲ್ಲಿದ್ದ ಹನ್ನೆರಡು ಮಂದಿಗೂ ಕಂಡಿರಲಿಕ್ಕಿಲ್ಲ.

ಇಲ್ಲಿಯೇ ಪ್ರಶ್ನೆ ಉದ್ಭವಿಸುತ್ತದೆ. ಎದುರು ನಿಂತ ಒಂದು ಮಗುವಿನ ಮೇಲೆ ಕೈಯೆತ್ತಲಾರದ ಮನುಷ್ಯನಿಗೆ, ಕಾಣದಷ್ಟು ದೂರದಲ್ಲಿರುವ ಸಾವಿರಾರು ಮಕ್ಕಳ ಕೊಲೆಯ ಹೊಣೆ ಕಡಿಮೆಯಾಗುತ್ತದೆಯೇ? ಯುದ್ಧದಲ್ಲಿ ಸ್ತ್ರೀಯರನ್ನೂ ಮಕ್ಕಳನ್ನೂ ಕೊಲ್ಲಬಾರದೆಂದು ಪ್ರವಾದಿ(ಸ) ವಿಧಿಸಿದಾಗ ಇಷ್ಟು ದೂರದವರೆಗೆ ಮಾತ್ರ ಎಂಬ ಮಿತಿ ಹಾಕಿರಲಿಲ್ಲ.

ಬಾಂಬಿನಿಂದ ಯುದ್ಧ ಬೇಗ ಮುಗಿದು ಹೆಚ್ಚು ಜೀವಗಳು ಉಳಿದವೆಂಬ ವಾದವಿದೆ. ಟಿಬೆಟ್ಸ್ 2007ರಲ್ಲಿ ತೀರಿಕೊಂಡರು. ತನಗೆ ಪಶ್ಚಾತ್ತಾಪವಿಲ್ಲವೆಂದೇ ಹೇಳುತ್ತಿದ್ದರು. ಜಪಾನಿನ ಸೈನ್ಯ ಚೀನಾದಲ್ಲಿ ಎಸಗಿದ ಕ್ರೌರ್ಯವೂ ಸುಳ್ಳಲ್ಲ. ಆದರೆ ವಾದದಲ್ಲಿ ನಂಬಿಕೆಯಿದ್ದವರು ಕೆಳಗಿನ ಊರನ್ನು ತೋರಿಸಲು ಏಕೆ ಅಂಜಬೇಕು? 1995ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯವು ಈ ವಿಮಾನದೊಂದಿಗೆ ಸತ್ತವರ ವಸ್ತುಗಳನ್ನೂ ಇಡಲು ಯೋಜಿಸಿತ್ತು. ಮಾಜಿ ಸೈನಿಕರ ಸಂಘಗಳು ವಿರೋಧಿಸಿದವು. ಯೋಜನೆ ರದ್ದಾಯಿತು, ನಿರ್ದೇಶಕರು ರಾಜೀನಾಮೆ ಕೊಟ್ಟರು, ವಿಮಾನದ ಮುಂಭಾಗ ಸೇರಿದಂತೆ ಕೆಲವು ಭಾಗಗಳು ಮಾತ್ರ ಪ್ರದರ್ಶನಕ್ಕೆ ಬಂದವು. ಮಕ್ಕಳ ಪೆಟ್ಟಿಗೆಯಲ್ಲಿ ಇಲ್ಲದ್ದು ದೊಡ್ಡವರ ಪ್ರದರ್ಶನದಲ್ಲೂ ಇರಲಿಲ್ಲ.

ಹಿರೋಶಿಮಾದ ವಸ್ತುಸಂಗ್ರಹಾಲಯದಲ್ಲಿ ಮೂರು ಗಾಲಿಯ ಒಂದು ಸೈಕಲ್ ಇದೆ. ಅಂದು ಮೂರು ವರ್ಷದ ಮಗುವೊಂದು ಅದರ ಮೇಲೆ ಕುಳಿತು ಆಡುತ್ತಿತ್ತು. ಮಗು ಸತ್ತಾಗ ತಂದೆ ಸೈಕಲ್ಲನ್ನೂ ಜೊತೆಗಿಟ್ಟು ಮನೆಯಂಗಳದಲ್ಲೇ ಹೂತರು. 1985ರಲ್ಲಿ ಅಗೆದು ತೆಗೆದು, ಮಗುವಿನ ಎಲುಬುಗಳನ್ನು ಕುಟುಂಬದ ಸಮಾಧಿಗೆ ಸೇರಿಸಿ, ಸೈಕಲ್ಲನ್ನು ವಸ್ತುಸಂಗ್ರಹಾಲಯಕ್ಕೆ ಕೊಟ್ಟರು.

ಮಗ ಈ ಪೆಟ್ಟಿಗೆ ಬೇಕೆಂದು ಹಟ ಹಿಡಿದರೆ ಗದರಿಸಬೇಕಾಗಿಲ್ಲ. ಅವನನ್ನು ಹತ್ತಿರ ಕೂರಿಸಿಕೊಂಡು ಆ ಸೈಕಲ್ಲಿನ ವಿಷಯ ಹೇಳಿ. ಆಮೇಲೂ ಆ ವಿಮಾನವೇ ಬೇಕೆಂದರೆ ಕಟ್ಟಲಿ.