ಯೋಗಪಾಠಕ್ಕೆ ಮುನ್ನ ಸ್ಥಳಶುದ್ಧಿ

ಯೋಗಸಾಧನೆಯ ಸ್ಥಳವು ಹೇಗಿರಬೇಕೆಂಬುದನ್ನು ನಮ್ಮ ಪ್ರಾಚೀನರು ಅಚ್ಚರಿಯೆನಿಸುವಷ್ಟು ವಿವರವಾಗಿ ಹೇಳಿದ್ದಾರೆ. ಶ್ವೇತಾಶ್ವತರೋಪನಿಷತ್ತಿನ ಎರಡನೆಯ ಅಧ್ಯಾಯವು ಸಮತಟ್ಟಾದ, ಶುಚಿಯಾದ, ಹರಳು ಮರಳುಗಳಿಲ್ಲದ, ಗಾಳಿಗೆ ಮರೆಯಾದ, ಮನಸ್ಸಿಗೆ ಹಿತವಾದ ಎಡೆಯನ್ನು ವಿಧಿಸುತ್ತದೆ. ಗೀತೆಯ ಆರನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಅತಿ ಎತ್ತರವೂ ಅತಿ ತಗ್ಗೂ ಅಲ್ಲದ ಆಸನವನ್ನು ಹೇಳುತ್ತಾನೆ. ಹಠಯೋಗಪ್ರದೀಪಿಕೆಯ ಸ್ವಾತ್ಮಾರಾಮನಂತೂ ಮನೆ ಕಟ್ಟಿಸುವ ಗೃಹಸ್ಥನಂತೆ ಲೆಕ್ಕ ಒಪ್ಪಿಸುತ್ತಾನೆ: ಚಿಕ್ಕ ಬಾಗಿಲು, ಗೋಮಯದಿಂದ ಸಾರಿಸಿದ ನೆಲ, ಕ್ರಿಮಿಕೀಟಗಳಿಲ್ಲದ ಒಳಗು, ಹೊರಗೊಂದು ಮಂಟಪ, ಬಾವಿ, ಸುತ್ತಲೂ ಗೋಡೆ.

ಮಹಾನಗರದಲ್ಲಿ ಇಂತಹ ಮಠವನ್ನು ಎಲ್ಲಿಂದ ತರುವುದು? ಹಿಂದಿನ ರಾತ್ರಿ ಆರತಕ್ಷತೆಯ ಊಟ ನಡೆದ ಬಾಡಿಗೆಯ ಸಭಾಂಗಣದಲ್ಲಿಯೇ ಬೆಳಗ್ಗೆ ಯೋಗಪಾಠವಾಗಬೇಕು. ಇದಕ್ಕೆ ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯದಲ್ಲಿ ಸಮಾಧಾನವುಂಟು. ಚಿತ್ತವು ಎಲ್ಲಿ ಏಕಾಗ್ರವಾಗುವುದೋ ಅಲ್ಲಿಯೇ ಉಪಾಸನೆ; ದಿಕ್ಕು, ದೇಶ, ಕಾಲಗಳ ಕಟ್ಟುಪಾಡು ಇಲ್ಲ. ಶಂಕರಾಚಾರ್ಯರು ಈ ಸೂತ್ರದ ಭಾಷ್ಯದಲ್ಲಿ ಮೇಲಿನ ಶ್ವೇತಾಶ್ವತರ ಮಂತ್ರವನ್ನೇ ಎತ್ತಿಕೊಂಡು, ಮನಸ್ಸಿಗೆ ಹಿತವೆಂಬ ಅದರ ಮಾತೇ ಮುಖ್ಯವೆಂದು ತೋರಿಸುತ್ತಾರೆ.

ಆದರೆ ಈ ವಿನಾಯಿತಿಯು ತಾನೊಬ್ಬನೇ ಕುಳಿತು ಸಾಧಿಸುವವನಿಗೆ. ಕಲಿಸುವವನು ಅದರ ಆಸರೆಯನ್ನು ಪಡೆಯಲಾರ. ಸಂತೆಯ ನಡುವೆಯೂ ಅವನ ಚಿತ್ತ ನಿಲ್ಲಬಹುದು. ನಿನ್ನೆ ಮೊನ್ನೆ ಸೇರಿದ ಶಿಷ್ಯನ ಚಿತ್ತವು ನಿಂತೀತೇ? ಶವಾಸನದಲ್ಲಿ ಕಣ್ಣು ಮುಚ್ಚಿ ಮಲಗುವವರು ತಮ್ಮನ್ನು ಆ ನೆಲಕ್ಕೆ ಒಪ್ಪಿಸುತ್ತಾರೆ. ಅಂಗೈಗೆ ಅನ್ನದ ಅಗುಳು ಅಂಟಿದರೆ ಗುರುವಿನ ಉಪದೇಶವೆಲ್ಲ ಅಲ್ಲಿಗೇ ಮುಗಿಯಿತು. ಪತಂಜಲಿಯು ಐದು ನಿಯಮಗಳಲ್ಲಿ ಶೌಚವನ್ನು ಮೊದಲಿಟ್ಟಿದ್ದಾನೆ. ಆದುದರಿಂದ ಗುರುವು ಅರ್ಧ ಗಂಟೆ ಮುಂಚಿತವಾಗಿ ಬಂದು, ಕಿಟಕಿಗಳನ್ನು ತೆರೆದು, ತಾನೇ ಪೊರಕೆ ಹಿಡಿಯುವುದು ಉಚಿತ. ಜವಾನನಿಗೆ ಹೇಳಿ ಗುಡಿಸಿಸಿದರೆ ನೆಲವೇನೋ ಶುದ್ಧವಾದೀತು. ಬಾಗಿ ಗುಡಿಸುವವನ ಉಸಿರು ತಾನಾಗಿ ನಿಧಾನಕ್ಕೆ ಬರುತ್ತದೆ, ಮನೆಯಿಂದ ಹೊತ್ತು ತಂದ ಚಿಂತೆಗಳು ಸಡಿಲುತ್ತವೆ. ಆ ಲಾಭ ಮಾತ್ರ ಜವಾನನ ಪಾಲಿಗೆ ಹೋಗುತ್ತದೆ.

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ಯರು ಮೈಸೂರಿನಲ್ಲಿ ಕೃಷ್ಣಮಾಚಾರ್ಯರಿಂದ ಯೋಗವನ್ನು ಕಲಿತು, 1937ರಲ್ಲಿ ಪುಣೆಗೆ ಬಂದರು. ಪತ್ನಿ ರಮಾಮಣಿಯವರ ಹೆಸರಿನ ಸಂಸ್ಥೆಯು ತನ್ನ ಕಟ್ಟಡದಲ್ಲಿ ಆರಂಭವಾದುದು 1975ರಲ್ಲಿ. ನಡುವಣ ಮೂವತ್ತೆಂಟು ವರ್ಷಗಳಲ್ಲಿ ಅವರ ಯೋಗಶಾಲೆಯು ಅವರು ನಿಂತು ಕಲಿಸಿದ ನೆಲವೇ ಆಗಿತ್ತು. ಪಾಠಕ್ಕೆ ಮೊದಲು ಪತಂಜಲಿಯ ಪ್ರಾರ್ಥನೆ ಮಾಡುವ ರೂಢಿ ಅವರ ಪರಂಪರೆಯಲ್ಲಿ ಇಂದಿಗೂ ಇದೆ.

ದೀಪವನ್ನು ಹಚ್ಚುವುದಾದರೆ ಯಾರ ಕಾಲೂ ತಾಗದ ಮೂಲೆಯಲ್ಲಿಡಬೇಕು. ಊದುಬತ್ತಿಯ ವಿಷಯದಲ್ಲಿ ಭಕ್ತಿಗಿಂತ ವಿವೇಕವು ಮೇಲು: ಹೊಗೆ ತುಂಬಿದ ಕೋಣೆಯಲ್ಲಿ ಪ್ರಾಣಾಯಾಮವು ಕೆಮ್ಮಿನಲ್ಲಿ ಕೊನೆಗೊಳ್ಳುತ್ತದೆ, ಶಿಷ್ಯರು ಬರುವ ಮೊದಲೇ ಅದು ಆರಿರಲಿ. ಅನ್ಯಮತದವರು ಬಂದಿದ್ದರೆ ಪ್ರಾರ್ಥನೆಗೆ ಬದಲಾಗಿ ಮೌನವು ಅವರಿಗೆ ಸಾಕು. ಗುಡಿಸಿದ ನೆಲವು ಎಲ್ಲರಿಗೂ ಒಂದೇ.

ಪಾಠ ಮುಗಿದ ಬಳಿಕ ಜಮಖಾನೆಗಳನ್ನು ಸುತ್ತಿ, ಎಣ್ಣೆ ಚೆಲ್ಲಿದ್ದಲ್ಲಿ ಒರೆಸಿ, ಕುರ್ಚಿಗಳನ್ನು ಮೊದಲಿನ ಸಾಲಿನಲ್ಲಿಯೇ ಇಡತಕ್ಕದ್ದು. ಸಂಜೆ ಅಲ್ಲಿಗೆ ಬರುವವರು ಬೇರೆ.