ಕೊಳವೆಯಿಂದ ಮರಳುವ ಸದ್ದು

ಯಮಹಾ ಆರ್‌ಎಕ್ಸ್ 100ರ ಬ್ಲಾಕಿನೊಳಗೆ ಪಿಸ್ಟನ್ ಓಡಾಡುವ ದಾರಿ ಬರೀ 50 ಮಿಲಿಮೀಟರ್. ಸಿಲಿಂಡರಿನ ಅಗಲವೂ ಅಷ್ಟೇ. ಎಂಜಿನ್ ತನ್ನ 11 ಕುದುರೆಶಕ್ತಿಯನ್ನು ಪೂರಾ ಕೊಡುವ 7500 ಆರ್‌ಪಿಎಂನಲ್ಲಿ ಆ ಪಿಸ್ಟನ್ ಸೆಕೆಂಡಿಗೆ 125 ಸಲ ಮೇಲೇರಿ ಕೆಳಗಿಳಿಯುತ್ತದೆ. ಅಂದರೆ 250 ಸಲ ಪೂರ್ತಿ ನಿಂತು, ಹೊರಳಿ, ಮತ್ತೆ ಓಡುತ್ತದೆ. ಲೆಕ್ಕ ಹಾಕಿದ ಮೇಲೂ ನನಗೆ ನಂಬಿಕೆ ಬರುವುದಿಲ್ಲ.

ಚಿಂಚೋಳಿ ತಾಲೂಕಿನ ಚಿಮ್ಮನಚೋಡದ ಸೀಮೆಯಲ್ಲಿ ಇಂಥ ಎಂಜಿನ್ ಬಿಚ್ಚಿ ಹರವಲು ಶಹಾಬಾದಿ ಕಲ್ಲಿನ ಪರಸಿಗಿಂತ ಒಳ್ಳೆಯ ಜಾಗ ಯಾವುದು? ಕೋಟ್ಯಂತರ ವರ್ಷಗಳ ಹಿಂದೆ ಕಡಲತಳದಲ್ಲಿ ಪದರಪದರವಾಗಿ ಕೂತ ಸುಣ್ಣದ ಕೆಸರು ಈಗ ಆ ಕಲ್ಲು. ಅದರ ಮೇಲೆ ಕ್ರ್ಯಾಂಕು, ರಿಂಗು, ಪಿಸ್ಟನ್ನು: ಸೆಕೆಂಡಿನ ನೂರನೇ ಪಾಲೂ ಆಗುವ ಮೊದಲೇ ಒಂದು ಸುತ್ತು ಮುಗಿಸುವ ಸಾಮಾನು.

ಸವೆದ ಬ್ಲಾಕನ್ನು ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸುವುದು ರಿಪೇರಿ. ಪೋರ್ಟಿಂಗ್ ಮಾತು ಬೇರೆ. ಟೂ ಸ್ಟ್ರೋಕ್ ಸಿಲಿಂಡರಿನ ತಲೆಯಲ್ಲಿ ತೆರೆದು ಮುಚ್ಚುವ ವಾಲ್ವ್‌ಗಳಿಲ್ಲ. ಗೋಡೆಯಲ್ಲಿ ಕೊರೆದ ಕಿಂಡಿಗಳಿವೆ; ಅವನ್ನು ಉಜ್ಜಿ ತಿದ್ದುವುದೇ ಪೋರ್ಟಿಂಗ್. ಪಿಸ್ಟನ್ ಇಳಿಯುವಾಗ ಮೊದಲು ಹೊಗೆಯ ಕಿಂಡಿ ತೆರೆಯುತ್ತದೆ, ಆಮೇಲೆ ಹೊಸ ಪೆಟ್ರೋಲ್-ಗಾಳಿ ನುಗ್ಗುವ ಕಿಂಡಿ. ಒಳಬಂದದ್ದರಲ್ಲಿ ಸ್ವಲ್ಪ ಸುಡದೆಯೇ ಹೊರಗೆ ಜಾರುತ್ತದೆ. ಅದನ್ನು ಹಿಂದಕ್ಕೆ ತಳ್ಳುವುದು ಯಾರು? ಸದ್ದು! ಹೊಗೆಯ ಮೊದಲ ಹೊಡೆತ ಸೈಲೆನ್ಸರಿನ ಉಬ್ಬಿದ ಹೊಟ್ಟೆ ದಾಟಿ, ಕಿರಿದಾಗುವ ತುದಿಗೆ ಬಡಿದು, ಅಲೆಯಾಗಿ ಮರಳುತ್ತದೆ. ಕಿಂಡಿ ಮುಚ್ಚುವ ಮುಂಚೆ ಅದು ಬಂದರೆ ಜಾರಿದ್ದರಲ್ಲಿ ಬಹಳಷ್ಟು ಮತ್ತೆ ಒಳಕ್ಕೆ.

ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ಈ ಅಲೆಯನ್ನು ಪಳಗಿಸಿದರು. 1961ರಲ್ಲಿ ಅವರ ರೇಸ್ ಸವಾರ ಅರ್ನ್‌ಸ್ಟ್ ಡೆಗ್ನರ್ ದೇಶ ಬಿಟ್ಟು, ಈ ಗುಟ್ಟನ್ನೂ ಹೊತ್ತು, ಸುಜುಕಿ ಸೇರಿದ. ಮರುವರ್ಷವೇ 50 ಸಿಸಿ ವಿಶ್ವ ಪಟ್ಟ ಸುಜುಕಿಯದಾಯಿತು. ಸೈಲೆನ್ಸರ್ ಕಿತ್ತೆಸೆದು ಓಣಿಯ ನಿದ್ದೆ ಕೆಡಿಸುವ ಹುಡುಗರಿಗೆ ಈ ಕತೆ ಹೇಳಬೇಕು. ಮರಳಿ ಬರುವ ಅಲೆಯನ್ನೇ ಕಳಕೊಂಡ ಗಾಡಿ ಕೂಗುತ್ತದೆ, ಓಡುವುದಿಲ್ಲ.

ಹೊಗೆಯ ಕಿಂಡಿಯ ಮೇಲಂಚನ್ನು ಒಂದೇ ಮಿಲಿಮೀಟರ್ ಎತ್ತಿದರೂ ಎಂಜಿನ್ನಿನ ಸ್ವಭಾವ ಬದಲಾಗುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಹುಚ್ಚು ಓಟ. ಕೆಳಗೆ ಪಿಕಪ್ಪೇ ಇಲ್ಲ. ರೇಸಿಗೆ ಸರಿ, ಹಿಂದೆ ತೊಗರಿ ಚೀಲ ಕಟ್ಟಿಕೊಂಡು ಚಿಂಚೋಳಿಗೆ ಹೋಗುವವನಿಗೆ ಶಿಕ್ಷೆ. ಅದಕ್ಕೇ ತಿಳಿದ ಮಿಸ್ತ್ರಿ ಉಜ್ಜುವುದಕ್ಕಿಂತ ಅಳೆಯುವುದೇ ಹೆಚ್ಚು. ಉಜ್ಜಿ ತೆಗೆದ ಲೋಹ ಮತ್ತೆ ಕೂಡುವುದಿಲ್ಲ. ಕೆಟ್ಟರೆ ಬೇರೆ ಬ್ಲಾಕ್ ಹುಡುಕಬೇಕು, 1996ಕ್ಕೇ ತಯಾರಿಕೆ ನಿಂತ ಗಾಡಿಗೆ ಅಸಲಿ ಬ್ಲಾಕ್ ಸಿಗುವುದು ಸುಲಭವೇ?